ಸುಮುಹೂರ್ತದ ಹಿತ್ತಿಲು

ಮಾರ್ಚ್ ೩, ಸೋಮವಾರ

ಈ ಡೈರಿ ಔಷಧಿ ಅಂಗಡಿಯವರು ಪುಕ್ಕಟೆ ಹಂಚಿದ್ದು. ಪ್ರತಿ ಪುಟದ ಕೆಳಗೆ ಕೆಮ್ಮಿನ ಸಿರಪ್ಪಿನ ಚಿತ್ರವಿದೆ. ಬೇರೆ ಪುಸ್ತಕ ತರಿಸಿಕೊಳ್ಳುವಷ್ಟು ಅಧಿಕಾರ ನನಗೆ ಇಲ್ಲಿಲ್ಲ.

ಬಂದು ಹನ್ನೆರಡು ದಿನವಾಯಿತು. ಶಿರಸಿಯಿಂದ ಯಲ್ಲಾಪುರದ ಕಡೆ ಹೋಗುವ ರಸ್ತೆಯಲ್ಲಿ, ಪೇಟೆ ಮುಗಿದ ಮೇಲೆ ಈ ಕಟ್ಟಡ. ಮೊದಲು ಕಲ್ಯಾಣ ಮಂಟಪವಾಗಿತ್ತು. ಕಮಾನಿನ ಮೇಲೆ 'ಸುಮುಹೂರ್ತ' ಎಂಬ ಸಿಮೆಂಟಿನ ಅಕ್ಷರಗಳು ಇನ್ನೂ ಇವೆ. ಈಗ ಒಳಗೆ ಹತ್ತೊಂಬತ್ತು ಮಂಚ, ಹತ್ತೊಂಬತ್ತು ಮುದುಕ ಮುದುಕಿಯರು. ನನ್ನ ಕೋಣೆಯ ಬಾಗಿಲ ಮೇಲೆ 'ವರನ ಕಡೆಯವರಿಗೆ' ಎಂದು ಬರೆದದ್ದಕ್ಕೆ ಬಣ್ಣ ಬಳಿದಿದ್ದಾರೆ, ಆದರೂ ಓದಲು ಬರುತ್ತದೆ. ಎಪ್ಪತ್ತೆರಡನೇ ವಯಸ್ಸಿನಲ್ಲಿ ಈ ಮಂಜಪ್ಪ, ಅಂದರೆ ನಾನು, ವರನ ಕಡೆಯವನಾದೆ.

ಬಚ್ಚಲಲ್ಲಿ ಜಾರಿ ಸೊಂಟ ಮುರಿದುಕೊಂಡವನಿಗೆ ಯಾರನ್ನು ಬೈಯಲೂ ಹಕ್ಕಿಲ್ಲ. ಹೆಂಡತಿ ಹೋಗಿ ಆರು ವರ್ಷ, ಮಕ್ಕಳಾಗಲಿಲ್ಲ, ಬಾಡಿಗೆ ಮನೆ ಬಿಟ್ಟಾಯಿತು. ಇರುವವನು ಅಕ್ಕನ ಮಗ ಉಲ್ಲಾಸ ಒಬ್ಬ. ಸಿದ್ದಾಪುರದಲ್ಲಿ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದಾನೆ, ಹೆಂಡತಿ ಸೌಮ್ಯ. ನನ್ನನ್ನು ಇಲ್ಲಿ ಬಿಟ್ಟು ಹೋಗುವಾಗ ಹೇಳಿದ: "ಮಾವ, ಒಬ್ರೇ ಪಾಯಖಾನೆಗೆ ಹೋಗಿ ಬರೂ ಹಂಗಾದ್ರೆ ಸಾಕು. ಅವತ್ತೇ ಬಂದು ಕರ್ಕಂಡು ಹೋಗ್ತೆ. ಸೌಮ್ಯಂಗೆ ಒಬ್ಳಿಗೇ ಎತ್ತಿ ಕೂರ್ಸೂಕೆ ಆಗೂದಿಲ್ಲ, ಅಷ್ಟೇಯ."

ನನ್ನ ಬಿಡುಗಡೆಗೆ ಇದು ಶರತ್ತು. ಆಸ್ಪತ್ರೆಯಲ್ಲಿ ಕಟ್ಟಿದ ಡೈಪರನ್ನು ಇಲ್ಲಿಯೂ ಕಟ್ಟುತ್ತಿದ್ದಾರೆ. ಆ ಶಬ್ದವನ್ನು ಇನ್ನು ಈ ಪುಸ್ತಕದಲ್ಲಿ ಬರೆಯುವುದಿಲ್ಲ. 'ಅದು' ಎಂದರೆ ಅದೇ.

ಗೇಟಿಗೆ ಹಗಲೂ ಬೀಗ. ಕೀಲಿ ಮ್ಯಾನೇಜರ್ ಅನುಶ್ರೀಯ ಬ್ಯಾಗಿನಲ್ಲಿರುತ್ತದೆ.

ಮಾರ್ಚ್ ೪, ಮಂಗಳವಾರ

ಬೆಳಿಗ್ಗೆ ಹತ್ತೂವರೆಯಾಯಿತೆಂದರೆ ಎಲ್ಲ ಕಿಟಕಿ ಮುಚ್ಚುತ್ತಾರೆ. ಯಾಕೆಂದು ಇವತ್ತು ಗೊತ್ತಾಯಿತು. ಹಿತ್ತಿಲಲ್ಲಿ ಸುಡುತ್ತಾರೆ. ಮೂವತ್ತನಾಲ್ಕು ವರ್ಷ ಪುರಸಭೆಯಲ್ಲಿ ಹೆಲ್ತ್ ಇನ್ಸ್‌ಪೆಕ್ಟರ್ ಆಗಿದ್ದವನ ಮೂಗು ನನ್ನದು, ಏನು ಸುಡುತ್ತಿದ್ದಾರೆಂದು ಕಿಟಕಿ ಮುಚ್ಚಿದರೂ ಹೇಳಬಲ್ಲೆ. 'ಅದನ್ನೇ' ಸುಡುತ್ತಾರೆ. ಒದ್ದೆ ಇರುವುದರಿಂದ ಉರಿಯುವುದಿಲ್ಲ, ಬರೀ ಹೊಗೆ. ಮುಚ್ಚಿದ ಕೋಣೆಯಲ್ಲಿ ಅದೇ ಹೊಗೆ ಒಂದು ಗಂಟೆಯ ತನಕ ಸುತ್ತುತ್ತದೆ. ನನ್ನದೇ ಹೊಗೆಯನ್ನು ನಾನು ಕುಡಿಯುತ್ತಿದ್ದೇನೆ.

ಮಾರ್ಚ್ ೯, ಭಾನುವಾರ

ನನ್ನ ಕೋಣೆಯ ಇನ್ನೊಂದು ಮಂಚದಲ್ಲಿ ನೂರ್ ಅಹ್ಮದ್ ಇದ್ದಾರೆ. ಯಲ್ಲಾಪುರದವರು, ನಲವತ್ತು ವರ್ಷ ಘಟ್ಟ ಹತ್ತಿ ಇಳಿದು ಲಾರಿ ಹೊಡೆದವರು. ಸಕ್ಕರೆ ಕಾಯಿಲೆ, ಎಡಗಾಲು ಎಳೆಯುತ್ತದೆ. ಇಲ್ಲಿಗೆ ಬಂದು ಎರಡು ವರ್ಷ. ಮಾತು ಕಡಿಮೆ, ಆಡಿದರೆ ಬ್ರೇಕ್ ಹಾಕಿದ ಹಾಗೆ.

ನನ್ನ ಬಾಯಿ ಸುಮ್ಮನಿರಬೇಕಲ್ಲ. "ಸಾಹೇಬ್ರೆ, ರಂಜಾನ್ ತಿಂಗಳಲ್ಲೂ ನಮಾಜಿಲ್ವಾ? ದೇವ್ರು ಲೈಸೆನ್ಸ್ ಕ್ಯಾನ್ಸಲ್ ಮಾಡ್ತಾನೆ ನೋಡಿ" ಎಂದೆ. ಅವರು ಗೋಡೆ ಕಡೆ ತಿರುಗಿ ಮಲಗಿದರು. ಸಂಜೆ ಚಹಾ ಬಂದಾಗಲೂ ತಿರುಗಲಿಲ್ಲ.

ತಮಾಷೆ ಅರ್ಥವಾಗದ ಜನರ ಮಧ್ಯೆ ಬಿದ್ದಿದ್ದೇನೆ.

ಮಾರ್ಚ್ ೧೩, ಗುರುವಾರ

ಅನುಶ್ರೀಯನ್ನು ಕರೆಸಿ ಕೇಳಿದೆ. ಹೇರೂರಿನ ಹುಡುಗಿ, ಮೂವತ್ತು ದಾಟಿಲ್ಲ, ನರ್ಸಿಂಗ್ ಓದಿದವಳು. ಡಾಕ್ಟರಿಂದ ಹಿಡಿದು ಗ್ಯಾಸ್ ಸಿಲಿಂಡರಿನ ತನಕ ಎಲ್ಲ ಅವಳೇ.

"ಸುಡದೆ ಎಂತ ಮಾಡ್ಲಿ ಸರ್? ಆಸ್ಪತ್ರೆ ಕಸದ ಗಾಡಿಯವ್ರು, ನೀವು ಆಸ್ಪತ್ರೆ ಅಲ್ಲ ಅಂತಾರೆ. ಮನೆ ಕಸದ ಗಾಡಿಯವ್ರು, ನಿಮ್ದು ಮನೆ ಅಲ್ಲ ಅಂತಾರೆ. ದಿನಕ್ಕೆ ಎರಡು ಚೀಲ. ತಲೆ ಮೇಲೆ ಹೊತ್ಕೊಂಡು ಕೂರ್ಲಾ?"

ಕಸದ ಗಾಡಿ ಬಂದಾಗ ಗಾಲಿ ಕುರ್ಚಿಯಲ್ಲಿ ಗೇಟಿನ ತನಕ ಹೋದೆ. ಗಾಡಿ ಹೊಡೆಯುವವನನ್ನು ನೋಡಿದರೆ ನಮ್ಮ ಮೊಯಿನ್. ಇಪ್ಪತ್ತು ವರ್ಷದ ಹಿಂದೆ ನನ್ನ ಕೈಕೆಳಗೆ ಕೆಲಸಕ್ಕೆ ಸೇರಿದವನು. ಬೀಗದ ಆಚೆ ನಿಂತು ಸಲಾಮು ಹೊಡೆದ. ಚೀಲ ಯಾಕೆ ಒಯ್ಯುವುದಿಲ್ಲ ಎಂದು ಗದರಿದೆ.

"ಸರ್, ನೀವೇ ಅಲ್ವಾ ಹೇಳಿದ್ದು? ಒದ್ದೆ ಚೀಲಕ್ಕೆ ಕೈ ಹಾಕ್ಬೇಡಿ, ರೋಗ ಬರ್ತದೆ, ಯಾರು ಕೊಟ್ರೂ ವಾಪಸ್ ಕೊಡಿ ಅಂತ. ಹೊಸಬ್ರಿಗೂ ನಾನು ಅದೇ ಹೇಳ್ಕೊಡೂದು."

ಹೌದು, ನಾನೇ ಹೇಳಿದ್ದು. ಕೈಗವಸು ಇಲ್ಲದೆ ಹುಡುಗರು ಚೀಲ ಹೊರುವುದನ್ನು ನೋಡಲಾರದೆ ಹೇಳಿದ್ದೆ. ವಾಪಸ್ ಹೋದ ಚೀಲ ಎಲ್ಲಿಗೆ ಹೋಗುತ್ತದೆ ಎಂದು ಆಗ ಕೇಳಿರಲಿಲ್ಲ.

ಮಾರ್ಚ್ ೨೦, ಗುರುವಾರ

ದಾರಿ ಸಿಕ್ಕಿತು. ಇಷ್ಟು ದಿನ ಹೊಳೆಯದೇ ಇದ್ದದ್ದೇ ಆಶ್ಚರ್ಯ.

ನನ್ನ ಅಪ್ಪ ಮತ್ತಿಘಟ್ಟದಲ್ಲಿ ಬೇರೆಯವರ ತೋಟಕ್ಕೆ ಗೊಬ್ಬರ ಹೊತ್ತು ನಮ್ಮನ್ನು ಸಾಕಿದವರು. ನಮ್ಮ ಕಡೆ ಏನೇ ಉಳಿಯಲಿ, ಗುಂಡಿಗೆ ಹಾಕಿ ಮೇಲೆ ಸೊಪ್ಪು ಮುಚ್ಚಿ, ಸಗಣಿ ಕದಡಿದ ನೀರು ಹೊಯ್ದು ಮರೆತುಬಿಡುತ್ತಾರೆ. ವರ್ಷದ ಕೊನೆಗೆ ಅಗೆದರೆ ಕಪ್ಪು ಗೊಬ್ಬರ. 'ಅದರ' ಒಳಗೂ ಹತ್ತಿಯೇ ಇರುವುದು. ಹೊರಗಿನ ಪ್ಲಾಸ್ಟಿಕ್ ಹರಿದು ಬೇರೆ ಇಟ್ಟರಾಯಿತು, ಹತ್ತಿ ಗುಂಡಿಗೆ.

ಅನುಶ್ರೀಗೆ ಅರ್ಧ ಗಂಟೆ ವಿವರಿಸಿದೆ. ಸುಡುವುದು ತಪ್ಪುತ್ತದಲ್ಲ ಎಂದು ಒಪ್ಪಿದಳು. ಆಳು ಕರೆಸಿ ಹಿತ್ತಿಲಲ್ಲಿ ಎದೆಮಟ್ಟದ ಗುಂಡಿ ತೋಡಿಸಿದ್ದಾಯಿತು. ಹರಿಯುವ ಕೆಲಸ ಸುಬ್ಬಿಗೆ. ಇಲ್ಲಿ ನಮ್ಮನ್ನೆಲ್ಲ ಎತ್ತಿ, ತೊಳೆದು, ಬಟ್ಟೆ ಬದಲಿಸುವವಳು ಅವಳೇ. ಐವತ್ತರ ಆಸುಪಾಸು. "ಆತು ಸರ್" ಎಂದಳು. ಇವಳು ಏನು ಹೇಳಿದರೂ ಆತು ಸರ್ ಎನ್ನುತ್ತಾಳೆ.

ಕಿಟಕಿ ತೆರೆದು ಮಲಗಿದೆ. ಬಹಳ ದಿನದ ನಂತರ ಕೆಲಸ ಮಾಡಿದ ಹಾಗಾಯಿತು.

ಏಪ್ರಿಲ್ ೫, ಶನಿವಾರ

ವಾಕರ್ ಹಿಡಿದು ಕೋಣೆಯ ಬಾಗಿಲ ತನಕ ಹೋದೆ. ಹನ್ನೊಂದು ಹೆಜ್ಜೆ. ಪಾಯಖಾನೆ ಇರುವುದು ಹಾಲ್ ದಾಟಿ ಹಿಂದೆ, ಮದುವೆಗೆ ಬಂದವರಿಗೆ ಕಟ್ಟಿದ ಸಾಲಿನಲ್ಲಿ. ಇನ್ನೂ ಅರವತ್ತು ಹೆಜ್ಜೆ. ಹೊರಟರೆ ತಲುಪುವುದರೊಳಗೆ ತಡೆಯಲಾಗುವುದಿಲ್ಲ.

ಉಲ್ಲಾಸನಿಗೆ ಫೋನು ಮಾಡಿ ಬೈದೆ. ನಾನು ಸತ್ತ ಮೇಲೆ ಬಾ ಎಂದೆ. ಅವನು ಅತ್ತ ಕಡೆಯಿಂದ "ಇಲ್ಲ ಮಾವ, ಇಲ್ಲ ಮಾವ" ಎನ್ನುತ್ತಲೇ ಇದ್ದ.

ಏಪ್ರಿಲ್ ೧೪, ಸೋಮವಾರ

ಸಂಜೆ ಹೊತ್ತಿಗೆ ವರ್ಷದ ಮೊದಲ ಮಳೆ ಹೊಡೆಯಿತು. ಮುಕ್ಕಾಲು ಗಂಟೆ ಅಷ್ಟೇ.

ಗುಂಡಿ ಉಕ್ಕಿದೆ. ಅದರೊಳಗಿದ್ದದ್ದು ಬರೀ ಹತ್ತಿ ಅಲ್ಲವಂತೆ, ನೀರು ಹೀರಿ ಉಬ್ಬುವ ಪುಡಿಯಂತೆ. ಇಪ್ಪತ್ತೈದು ದಿನದ ಪುಡಿ ಮಳೆ ನೀರು ಕುಡಿದು, ರುಬ್ಬಿಟ್ಟ ಇಡ್ಲಿ ಹಿಟ್ಟು ಪಾತ್ರೆ ಮೀರಿದ ಹಾಗೆ ಸೊಪ್ಪನ್ನು ಎತ್ತಿಕೊಂಡು ಮೇಲೆ ಬಂದು ಅಡಿಗೆಮನೆಯ ಬಾಗಿಲಿಗೆ ಹರಿದಿದೆ. ಇಡೀ ಹಾಲಿನಲ್ಲಿ ವಾಸನೆ. ರಾತ್ರಿ ಯಾರೂ ಊಟ ಮಾಡಲಿಲ್ಲ. ಯಾರೂ ನನ್ನನ್ನು ಬೈಯಲೂ ಇಲ್ಲ, ಅದೇ ಕಷ್ಟ.

ನಾನು ಬಂದಾಗಿನಿಂದ ಮೊದಲ ಸಲ ನೂರ್ ಅಹ್ಮದ್ ತಾವಾಗಿ ಮಾತಾಡಿದರು. "ಇನ್ಸ್‌ಪೆಕ್ಟರ್ ಸಾಹೇಬ್, ಲೋಡು ಜಾಸ್ತಿ ಆಯ್ತು."

ಏಪ್ರಿಲ್ ೧೬, ಬುಧವಾರ

ಸುಬ್ಬಿ ಎರಡು ದಿನ ಗುಂಡಿ ಬಳಿದಳು. ಬುಟ್ಟಿಯಲ್ಲಿ ತುಂಬಿ ತುಂಬಿ ದೂರ ಒಯ್ದು ಒಣಗಲು ಹರಡಿದಳು. ಇವತ್ತು ನನ್ನ ಬಟ್ಟೆ ಬದಲಿಸುವಾಗ ಕೈ ನೋಡಿದೆ. ಬೆರಳ ಸಂದಿಯೆಲ್ಲ ಕೆಂಪಗೆ ಸುಲಿದಿದೆ. ಮಳೆಯಿಂದ ಆದದ್ದಲ್ಲ, ಮೂರು ವಾರದಿಂದ ಹರಿದು ಹರಿದು ಆದದ್ದು.

"ಕೈಗವಸು ಇಲ್ವಾ?"

"ಎರಡು ದಿನಕ್ಕೆ ಹರಿತದೆ ಸರ್."

"ಹೇಳೂಕೆ ಎಂತ ಆಗಿತ್ತು ನಿಂಗೆ?"

ಅವಳು ನನ್ನ ಪಂಚೆ ಸರಿ ಮಾಡಿ, ಎದ್ದು ನಿಂತು, ಬಾಗಿಲು ನೋಡಿಕೊಂಡು ಹೇಳಿದಳು: "ನೀವು ಸುಡೂದೋ ಹುಗಿಯೂದೋ ಅಂತ ಅನುಶ್ರೀ ಅಕ್ಕನ್ನ ಕೇಳ್ತ್ರಿ. ಕಟ್ಟೂದು ಎಂತಕ್ಕೆ ಅಂತ ಯಾರೂ ಕೇಳೂದಿಲ್ಲ. ಹದಿನಾಲ್ಕು ಜನಕ್ಕೆ ಕಟ್ತೆ ನಾನು. ಅದ್ರಲ್ಲಿ ಮೂರು ಜನಕ್ಕೆ ಬೇಕೇ ಬೇಕು, ಅವ್ರಿಗೆ ಮೈ ಮೇಲೆ ಖಬರಿಲ್ಲ. ಉಳಿದವ್ರು ಬಂದಾಗ ಹೇಳ್ತಿದ್ರು, ಸುಬ್ಬಿ ಕರ್ಕಂಡು ಹೋಗು, ಸುಬ್ಬಿ ಕರ್ಕಂಡು ಹೋಗು ಅಂತ. ನಾನು ಒಬ್ಳು. ಕಟ್ಟಿ ಬಿಟ್ರೆ ಕೂಗೂದು ನಿಲ್ತದೆ. ಆಮೇಲೆ ಅವ್ರಿಗೂ ಮರ್ತೇ ಹೋಗ್ತದೆ."

ಮೂವತ್ತನಾಲ್ಕು ವರ್ಷ ಕಸದ ಲೆಕ್ಕ ಬರೆದವನು ನಾನು. ಕಸ ಎಲ್ಲಿ ಹುಟ್ಟುತ್ತದೆ ಎಂದು ನೋಡಲು ಸುಬ್ಬಿ ಬೇಕಾಯಿತು. ನಾಚಿಕೆಯಾಯಿತು.

ಏಪ್ರಿಲ್ ೨೨, ಮಂಗಳವಾರ

ಅನುಶ್ರೀ ಜೊತೆ ಜಗಳವೇ ಆಯಿತು. ಬರೆಯುವುದಿಲ್ಲ ಎಂದಿದ್ದ ಶಬ್ದವನ್ನು ಇನ್ನು ಬರೆಯುತ್ತೇನೆ. ಸಮಯ ನೋಡಿ ಒಬ್ಬೊಬ್ಬರನ್ನೇ ಕರೆದೊಯ್ದರೆ ಹನ್ನೊಂದು ಜನಕ್ಕೆ ಡೈಪರ್ ಬೇಡ ಎಂದೆ. ಜನ ಎಲ್ಲಿದ್ದಾರೆ ಸರ್ ಎಂದಳು. ನಾನು ಕೂತು ಸಮಯ ನೋಡುತ್ತೇನೆ, ನಾನು ಕರೆಯುತ್ತೇನೆ, ಸುಬ್ಬಿ ನಡೆಸಿಕೊಂಡು ಹೋಗಲಿ, ಅವಳಿಗೆ ಹರಿಯುವ ಕೆಲಸ ತಪ್ಪಿತಲ್ಲ ಎಂದೆ. ಕೊನೆಗೆ ಅನುಶ್ರೀ ಎರಡು ನಿಯಮ ಹಾಕಿದಳು. ಯಾರಾದರೂ ಬಿದ್ದರೆ ಅವತ್ತೇ ಬಂದ್. ಡೈಪರ್ ಬಿಟ್ಟವರು ಒಮ್ಮೆ ಬಟ್ಟೆ ಒದ್ದೆ ಮಾಡಿಕೊಂಡರೂ ಒಂದು ತಿಂಗಳು ಮತ್ತೆ ಡೈಪರ್.

"ಹಾಸಿಗೆ ಒದ್ದೆಯಾಗಿ ಬೆನ್ನು ಹುಣ್ಣಾದ್ರೆ ಮನೆಯವ್ರು ನನ್ನನ್ನ ಕೇಳ್ತಾರೆ. ನಿಮ್ಮನ್ನ ಅಲ್ಲ" ಎಂದಳು. ಅದೂ ನಿಜವೇ.

ಆಮೇಲೆ ಅವಳು ಹೊರಗೆ ಫೋನಿನಲ್ಲಿ ಊರಿಗೆ ಬರಲಾಗುವುದಿಲ್ಲ ಎಂದು ತಾಯಿಗೆ ಹೇಳುವುದು ಕೇಳಿಸಿತು. "ನಂಗೆ ಈ ವಾರನೂ ಬಪ್ಪುಲೆ ಆಗ್ತಿಲ್ಲೆ ಆಯಿ. ಇಲ್ಲಿ ನೋಡ್ಕಂಬವು ಯಾರೂ ಇಲ್ಲೆ." ಗೇಟಿನ ಕೀಲಿ ಇರುವವಳ ಗತಿಯೂ ಇದೇ.

ಮೇ ೫, ಸೋಮವಾರ

ವಧೂವರರು ಕೂರುತ್ತಿದ್ದ ಕೆಂಪು ಮಖಮಲ್ಲಿನ ಕುರ್ಚಿ ಒಂದು ವೇದಿಕೆಯ ಮೂಲೆಯಲ್ಲಿ ಬಿದ್ದಿತ್ತು. ಅಲ್ಲಿಂದ ಹಾಲಿನ ಮಂಚಗಳೂ, ಬಾಗಿಲು ತೆರೆದಿಟ್ಟರೆ ಕೋಣೆಗಳ ಒಳಗಿನವೂ ಕಾಣುತ್ತವೆ. ಬೆಳಿಗ್ಗೆ ಆರರಿಂದ ಅದರಲ್ಲಿ ಕೂರುತ್ತೇನೆ. ಕೈಯಲ್ಲಿ ಸ್ಟೀಲ್ ತಟ್ಟೆ, ಚಮಚ. ಬಡಿದು ಹೆಸರು ಕೂಗುತ್ತೇನೆ. ಗಣಪಜ್ಜನಿಗೆ ಚಹಾ ಕುಡಿದು ಇಪ್ಪತ್ತು ನಿಮಿಷಕ್ಕೆ, ಬದ್ರುನ್ನಿಸಾ ಅವರಿಗೆ ಒಂಬತ್ತಕ್ಕೆ, ಹನ್ನೊಂದೂವರೆಗೆ ಮತ್ತು ಒಂದಕ್ಕೆ, ಒಬ್ಬೊಬ್ಬರಿಗೆ ಒಂದೊಂದು. ನನ್ನ ಸಮಯ ಎರಡೆರಡು ಗಂಟೆಗೆ. ತಡೆದುಕೊಳ್ಳುವುದೂ ಒಂದು ಕಲಿಕೆ, ದಿನಕ್ಕೆ ಐದೈದು ನಿಮಿಷ ಜಾಸ್ತಿ ಮಾಡಿಕೊಳ್ಳಬೇಕು. ಕೂಗಿ ಕೂಗಿ ರಾತ್ರಿಯ ಹೊತ್ತಿಗೆ ಗಂಟಲು ಒಣಗುತ್ತದೆ.

ಮೊದಮೊದಲು ಎಲ್ಲರಿಗೂ ಸಿಟ್ಟು. ಗಣಪಜ್ಜ "ಈ ಮನುಷ್ಯ ನಮ್ಮ ಮೂತ್ರಕ್ಕೂ ಟೈಮ್ ಟೇಬಲ್ ಹಾಕಿದ" ಎಂದು ಊರಿಗೆಲ್ಲ ಕೇಳುವ ಹಾಗೆ ಹೇಳಿದ. ಅವನಿಗೆ ನಾಲ್ಕು ದಿನದಿಂದ ಬಟ್ಟೆ ಒದ್ದೆಯಾಗಿಲ್ಲ, ಬೈಯುವ ಗಂಟಲು ದೊಡ್ಡದಾಗಿದೆ.

ಗುಂಡಿ ಮುಚ್ಚಿ ಮತ್ತೆ ಸುಡಲು ಹಿಡಿದಿದ್ದರು; ಆ ಚೀಲ ದಿನಕ್ಕೆ ಎರಡಿದ್ದದ್ದು ಒಂದಕ್ಕೆ ಬಂತು.

ಮೇ ೧೬, ಶುಕ್ರವಾರ

ಇದನ್ನು ಸರಿಯಾಗಿ ಬರೆಯಬೇಕು.

ನೂರ್ ಅಹ್ಮದ್ ಅವರಿಗೆ ಇವತ್ತಿಗೆ ಹತ್ತು ದಿನವಾಯಿತು, ಒಮ್ಮೆಯೂ ತಪ್ಪಿಲ್ಲ. ಮಧ್ಯಾಹ್ನ ಹನ್ನೆರಡೂವರೆಗೆ ನಾನು ಕರೆಯುವ ಮೊದಲೇ ಎದ್ದು ಗೋಡೆ ಹಿಡಿದು ಹೊರಟರು. ಬಂದು ಕೈಕಾಲು ಮುಖ ತೊಳೆದರು. ಬಹಳ ಹೊತ್ತು ತೊಳೆದರು. ಬಿಳಿ ಟೋಪಿಯನ್ನು ತಲೆದಿಂಬಿನ ಚೀಲದೊಳಗಿಂದ ತೆಗೆದರು. ವೇದಿಕೆಯ ಬಳಿ ಬಂದು, ಅಲ್ಲಿದ್ದ ಕುರ್ಚಿಯನ್ನು ತಾವೇ ಪಶ್ಚಿಮಕ್ಕೆ ತಿರುಗಿಸಿಕೊಂಡು ಕೂತು ನಮಾಜು ಮಾಡಿದರು. ನಾನು ತಟ್ಟೆ ಬಡಿಯುವುದು ನಿಲ್ಲಿಸಿದೆ.

ಮುಗಿದ ಮೇಲೆ ನನ್ನ ಕಡೆ ನೋಡದೆ ಹೇಳಿದರು: "ಎರಡು ವರ್ಷ ಆಯ್ತು ಸಾಹೇಬ್. ಅದನ್ನ ಕಟ್ಕೊಂಡು, ಒದ್ದೇಲಿ ಕೂತ್ಕೊಂಡು ಅಲ್ಲಾನ ಮುಂದೆ ಹ್ಯಾಗೆ ಹೋಗೂದು? ಮೌಲ್ವಿ ಸಾಹೇಬ್ರು, ಬಿಮಾರಿ ಇದ್ರೆ ನಡೀತದೆ ಅಂದ್ರು. ನನಗೆ ನಡೀಲಿಲ್ಲ."

ರಂಜಾನಿನಲ್ಲಿ ನಾನು ಆಡಿದ ಮಾತು ನೆನಪಾಯಿತು. ಅವರು ಟೋಪಿ ಮಡಚುತ್ತ, "ಲೈಸೆನ್ಸ್ ರಿನ್ಯೂ ಆಯ್ತು" ಎಂದರು. ಅಷ್ಟರಲ್ಲಿ ಬದ್ರುನ್ನಿಸಾ ಅವರ ಸಮಯವಾಯಿತೆಂದು ಸುಬ್ಬಿ ನೆನಪಿಸಿದಳು.

ಮೇ ೨೯, ಗುರುವಾರ

ನಾನು ಡೈಪರ್ ಬಿಟ್ಟು ಹದಿನೈದು ದಿನ. ವಾಕರಿನಲ್ಲಿ ಒಬ್ಬನೇ ಹೋಗಿ ಒಬ್ಬನೇ ಬರುತ್ತೇನೆ.

ಚೀಲ ಎರಡು ದಿನಕ್ಕೊಂದು. ನಿಜವಾಗಿ ಬೇಕಾದ ಮೂವರದು ಮಾತ್ರ. ಒಂದೊಂದನ್ನೂ ಪೇಪರಿನಲ್ಲಿ ಸುತ್ತಿ, ಒಣ ಚೀಲಕ್ಕೆ ಹಾಕಿ, ಬಾಯಿ ಕಟ್ಟಿ, ಮೇಲೆ ಕೆಂಪು ಬಣ್ಣದ ಗುರುತು. ಗೇಟಿನಲ್ಲಿ ಮೊಯಿನ್ ಅದನ್ನು ಎತ್ತಿ ನೋಡಿದ, ಅಲುಗಾಡಿಸಿ ನೋಡಿದ. "ಇಷ್ಟೇ ಆದ್ರೆ, ಹಿಂಗೇ ಕಟ್ಟಿ ಕೊಟ್ರೆ ಒಯ್ತೀನಿ ಸರ್. ಬೇರೆ ಪೆಟ್ಟಿಗೇಲಿ ಇಟ್ಕೊಂಡು ಆಸ್ಪತ್ರೆ ಕಸದ ಗಾಡಿಗೆ ದಾಟಿಸ್ತೀನಿ. ಆದ್ರೆ ಒಂದು ಒದ್ದೆ ಚೀಲ ಬಂದ್ರೆ ಬಂದ್."

ಹಿತ್ತಿಲಲ್ಲಿ ಬೂದಿ ಗುಡಿಸಿ ಸುಬ್ಬಿ ಬಸಳೆ ಬಳ್ಳಿ ಹಾಕಿದ್ದಾಳೆ. ಹತ್ತೂವರೆಗೆ ಕಿಟಕಿ ಮುಚ್ಚಲು ಬಂದವಳು ಅಭ್ಯಾಸ ಬಲದಿಂದ ಕೈ ಹಾಕಿ, ನಕ್ಕು ಹೋದಳು. ಮಧ್ಯಾಹ್ನ "ಅಣ್ಣ, ಊಟ" ಎಂದಳು. ಸರ್ ಎಲ್ಲಿ ಹೋಯಿತೋ ತಿಳಿಯದು.

ಜೂನ್ ೩, ಮಂಗಳವಾರ

ಉಲ್ಲಾಸನಿಗೆ ಫೋನು ಮಾಡಿ ಹೇಳಿದೆ. ಅತ್ತುಬಿಟ್ಟ ಮಾರಾಯ. ಸಂಜೆ ಅನುಶ್ರೀಯ ಮೊಬೈಲಿಗೆ ಫೋಟೋ ಕಳಿಸಿದ್ದಾನೆ. ಅವನ ಮನೆಯ ಬಚ್ಚಲಲ್ಲಿ ಹೊಸ ಕಮೋಡು, ಎರಡು ಬದಿಗೆ ಹಿಡಿದುಕೊಳ್ಳಲು ಸ್ಟೀಲ್ ಸರಳು. ಸರಳನ್ನು ಅಂಗಡಿಯಲ್ಲಿ ತಾನೇ ವೆಲ್ಡ್ ಮಾಡಿದನಂತೆ. ಹದಿನಾಲ್ಕನೇ ತಾರೀಕು ಶನಿವಾರ ಬರುತ್ತಾನೆ.

ನಾನು ಸುಮ್ಮನೆ ಅವನನ್ನು ಅನುಮಾನಿಸಿದ್ದೆ. ಒಳ್ಳೆಯ ಹುಡುಗ. ಹನ್ನೊಂದು ದಿನ ಉಳಿದಿದೆ.

ಜೂನ್ ೯, ಸೋಮವಾರ

ಜ್ವರ ಬಂದು ಮೂರು ದಿನ ಮಲಗಿದ್ದೆ. ಇವತ್ತು ಎದ್ದೆ.

ಕಿಟಕಿ ಮುಚ್ಚಿತ್ತು. ನಾನು ಮಲಗಿದ ಮರುದಿನವೇ ಎಲ್ಲರಿಗೂ ಮತ್ತೆ ಕಟ್ಟಿದ್ದಾರೆ; ತಾವೇ ಎದ್ದು ಹೋಗುತ್ತಿದ್ದ ನೂರ್ ಅಹ್ಮದ್ ಅವರಿಗೂ, ಒಬ್ಬರೇ ಹೋಗಿ ಬಿದ್ದಾರೆಂದು. ಕರೆಯುವವರು ಯಾರು? ಸುಬ್ಬಿಗೆ ಇರುವುದು ಎರಡೇ ಕೈ. ಗಾಡಿ ಬಂದಾಗ ಒದ್ದೆ ಚೀಲ ಐದು, ಮೊಯಿನ್ ಮುಟ್ಟಲಿಲ್ಲ. ಬಸಳೆಯ ಬದಿಯಲ್ಲೇ ಬೆಂಕಿ ಹಾಕಿದ್ದಾರೆ.

ನೂರ್ ಅಹ್ಮದ್ ಗೋಡೆ ಕಡೆ ತಿರುಗಿ ಮಲಗಿದ್ದರು. ಬಕ್ರೀದಿನ ದಿನವೂ ಹಾಗೆಯೇ ಮಲಗಿದ್ದರಂತೆ. ಟೋಪಿ ದಿಂಬಿನ ಚೀಲದೊಳಗೆ ಹೋಗಿದೆ. "ಸಾಹೇಬ್ರೆ" ಎಂದೆ. ತಿರುಗಲಿಲ್ಲ.

ವೇದಿಕೆ ಹತ್ತಿ ಕೂತು ತಟ್ಟೆ ಎತ್ತಿಕೊಂಡೆ, ಎಲ್ಲರಿಗೂ ಕಟ್ಟಿದ್ದನ್ನು ಮತ್ತೆ ಬಿಡಿಸಲು.

ಜೂನ್ ೧೧, ಬುಧವಾರ

ಅನುಶ್ರೀಯನ್ನು ನೇರವಾಗಿ ಕೇಳಿದೆ, ನಾನು ಹೋದ ಮೇಲೆ ಯಾರು ಕೂರುತ್ತಾರೆ ಎಂದು. ಸುಳ್ಳು ಹೇಳಬಹುದಿತ್ತು, ಹೇಳಲಿಲ್ಲ. "ಯಾರೂ ಇಲ್ಲ ಸರ್. ಇನ್ನೊಬ್ರು ಆಯಾ ಬೇಕು ಅಂತ ಟ್ರಸ್ಟಿನವ್ರಿಗೆ ಬರ್ದಿದ್ದೇನೆ, ನೋಡೂವ ಅಂದಿದಾರೆ. ನೀವಿದ್ದಷ್ಟು ದಿನ ಆಯ್ತು, ಅದೇ ದೊಡ್ಡದು. ನೀವು ನಿಶ್ಚಿಂತೆಯಿಂದ ಹೋಗಿ."

ನಿಶ್ಚಿಂತೆಯಿಂದ ಹೋಗಬೇಕಂತೆ.

ಬೇರೆ ಯಾರಾದರೂ ಕೂರಬಹುದೋ ಎಂದು ಉಳಿದ ಹದಿನೆಂಟು ಜನರನ್ನೂ ಮನಸ್ಸಿನಲ್ಲೇ ಕೂರಿಸಿ ನೋಡಿದೆ. ಗಣಪಜ್ಜನಿಗೆ ಗಡಿಯಾರ ಕಾಣುವುದಿಲ್ಲ. ಬದ್ರುನ್ನಿಸಾ ಅವರಿಗೆ ಹೆಸರು ನೆನಪಿರುವುದಿಲ್ಲ. ನೂರ್ ಅಹ್ಮದ್ ಅವರಿಗೆ ವೇದಿಕೆಯ ಮೆಟ್ಟಿಲು ಹತ್ತಲಾಗುವುದಿಲ್ಲ, ಕೆಳಗೆ ಕೂತು ಕೂಗಿದರೆ ಅವರ ದನಿ ಹಾಲಿನ ಅರ್ಧಕ್ಕೂ ಹೋಗುವುದಿಲ್ಲ. ಎರಡು ದಿನ ಪ್ರಯತ್ನಿಸಿ ನೋಡಿದೆವು ಕೂಡ.

ಇಲ್ಲಿಂದ ಹೊರಬೀಳಬೇಕೆಂದೇ ಈ ಕೆಲಸ ಹಚ್ಚಿಕೊಂಡದ್ದು. ಅದೇ ಈಗ ಕಾಲಿಗೆ ಸುತ್ತಿಕೊಂಡಿದೆ.

ಜೂನ್ ೧೨, ಗುರುವಾರ

ಉಲ್ಲಾಸನಿಗೆ ಫೋನು ಮಾಡಿ, ನಾನು ಇಲ್ಲೇ ಇರುತ್ತೇನೆ, ಬರಬೇಡ ಎಂದೆ.

"ಸೌಮ್ಯ ಎಂತಾದ್ರೂ ಅಂದ್ಳಾ ಮಾವ?"

ಇಲ್ಲ ಎಂದೆ.

"ಹಂಗಾದ್ರೆ ನನ್ನ ಮೇಲೆ ಸಿಟ್ಟು. ಅಮ್ಮ ಸಾಯೂವಾಗ ನಂಗೆ ಹೇಳಿ ಹೋಗಿದ್ಳು, ಮಾವನ್ನ ನೋಡ್ಕ ಅಂತ. ನಾಲ್ಕು ತಿಂಗಳು ಅಲ್ಲಿ ಬಿಟ್ಟಿದ್ದಕ್ಕೇ ಊರಲ್ಲಿ ತಲೆ ಎತ್ತೂಕೆ ಆಗ್ತಿಲ್ಲ. ನೀವು ನಡೀತ್ರಿ ಅಂದ ಮೇಲೂ ಬಿಟ್ರೆ ನಾನು ಮನುಷ್ಯ ಅಲ್ಲ. ಶನಿವಾರ ಬರ್ತೆ."

ಹಿಂದೆ ಸೌಮ್ಯ "ಎಂತ ಅಂತೆ?" ಎಂದು ಕೇಳುವುದು ಕೇಳಿಸಿತು, ಆಮೇಲೆ ಅವರಿಬ್ಬರ ದನಿ ಏರಿತು. ಫೋನು ಇಟ್ಟೆ. ಇನ್ನೊಮ್ಮೆ ಬೇಡ ಎಂದರೆ ಆ ಮನೆಯಲ್ಲಿ ನೆಮ್ಮದಿ ಇರುವುದಿಲ್ಲ. ನಾನು ನಡೆಯುತ್ತೇನೆ ಎಂದು ಹೇಳಿಯಾಗಿದೆ. ಒಬ್ಬನೇ ಹೋಗಿ ಬರುತ್ತೇನೆ ಎಂದು ನಾನೇ ಬಾಯಿಬಿಟ್ಟು ಹೇಳಿಯಾಗಿದೆ.

ಜೂನ್ ೧೩, ಶುಕ್ರವಾರ

ಚೀಲ ಕಟ್ಟಿದೆ. ಎರಡು ಪಂಚೆ, ನಾಲ್ಕು ಅಂಗಿ, ಕನ್ನಡಕದ ಡಬ್ಬಿ. ನೂರ್ ಅಹ್ಮದ್ ನೋಡುತ್ತಿದ್ದರು. ಹನ್ನೆರಡೂವರೆಗೆ ತಾವೇ ಎದ್ದರು, ನಮಾಜು ಮಾಡಿದರು. ನಾಳೆಯ ಮಾತು ಎತ್ತಲಿಲ್ಲ. ಎತ್ತಿದ್ದರೆ ಚೆನ್ನಾಗಿತ್ತು. ಇರಿ ಎಂದಿದ್ದರೆ ಸಿಟ್ಟು ಮಾಡಿಕೊಂಡಾದರೂ ಹೋಗಬಹುದಿತ್ತು.

ಜೂನ್ ೧೪, ಶನಿವಾರ

ಇನ್ನೊಂದು ಚೂರು ಸಮಾಧಾನವಾದ ಮೇಲೆ ಬರೆಯೋಣ ಎಂದುಕೊಂಡೆ. ಆಗುವುದಿಲ್ಲ, ಈಗಲೇ ಬರೆಯುತ್ತೇನೆ.

ಬೆಳಿಗ್ಗೆ ಎರಡು ಲೋಟ ಚಹಾ ಕುಡಿದೆ, ಮೇಲೆ ಎರಡು ತಂಬಿಗೆ ನೀರು. ಹನ್ನೊಂದಕ್ಕೆ ಸುಬ್ಬಿ ಬಂದು, "ಹೋಗಿ ಬಂದ್ಬಿಡಿ ಅಣ್ಣ, ಸಿದ್ದಾಪುರ ದೂರ" ಎಂದಳು. ಈಗ ಬೇಡ ಎಂದೆ.

ಉಲ್ಲಾಸ ಅಂಗಡಿಯ ಓಮ್ನಿ ತಂದಿದ್ದ. ಮುಂದಿನ ಸೀಟಿಗೆ ಹೊಸ ಟವೆಲ್ ಹಾಸಿದ್ದ. ನನ್ನನ್ನು ತಾನೇ ಹಿಡಿದು ಕೂರಿಸಿ, ಚೀಲ ಹಿಂದೆ ಇಟ್ಟು, ಸಹಿ ಹಾಕಲು ಒಳಗೆ ಹೋದ. ಅನುಶ್ರೀ ಗೇಟಿನ ಬೀಗ ತೆಗೆದು, ಎರಡೂ ಬಾಗಿಲು ಪೂರ್ತಿ ತೆರೆದಿಟ್ಟಿದ್ದಳು. ಎದುರಿಗೆ ರಸ್ತೆ. ಯಲ್ಲಾಪುರದ ಬಸ್ಸೊಂದು ಹೋಯಿತು. ನಾಲ್ಕು ತಿಂಗಳಲ್ಲಿ ಆ ಗೇಟನ್ನು ಹಾಗೆ ತೆರೆದದ್ದು ನಾನು ನೋಡಿರಲಿಲ್ಲ.

ನನಗೆ ಹತ್ತು ನಿಮಿಷ ಸಿಕ್ಕಿತ್ತು. ತಡೆಯುವುದನ್ನು ಕಲಿಯಲು ಒಂದು ತಿಂಗಳು ಬೇಕಾಗಿತ್ತು. ಬಿಡುವುದು ಅದಕ್ಕಿಂತ ಕಷ್ಟವೆಂದು ಗೊತ್ತಿರಲಿಲ್ಲ. ಹೊಟ್ಟೆ ಬಿರಿಯುತ್ತಿದೆ, ಆದರೆ ಮೈ ಒಪ್ಪುವುದಿಲ್ಲ. ಬಟ್ಟೆಯಲ್ಲಿ ಬೇಡ, ಬಟ್ಟೆಯಲ್ಲಿ ಬೇಡ ಎಂದು ಅದಕ್ಕೆ ಕಲಿಸಿದವನು ನಾನೇ. ಕಣ್ಣು ಮುಚ್ಚಿದೆ. ಉಲ್ಲಾಸ ಜಗುಲಿಯ ಮೆಟ್ಟಿಲು ಇಳಿಯುವ ಸದ್ದು ಕೇಳಿಸಿತು. ಆಗ ಬಿಟ್ಟೆ. ಬಿಸಿಯಾಗಿ ತೊಡೆ, ಟವೆಲ್, ಸೀಟು, ಕೆಳಗಿನ ಮ್ಯಾಟು.

ಅವನು ಬಾಗಿಲು ತೆರೆದು ನೋಡಿದ.

"ಗೊತ್ತೇ ಆಗ್ಲಿಲ್ಲ ಉಲ್ಲಾಸ" ಎಂದೆ.

"ಇರ್ಲಿ ಮಾವ. ಎಂತ ಆತು ಈಗ." ಅಂಗಡಿಯ ಒರೆಸುವ ಬಟ್ಟೆ ತಂದು ಸೀಟು ಒರೆಸಿದ. ನನ್ನ ಕಾಲನ್ನೂ ಒರೆಸಿದ. ನನ್ನ ಮುಖ ನೋಡಲಿಲ್ಲ. "ಹೋಗೂವ ಮಾವ, ಪರವಾಗಿಲ್ಲ" ಎಂದ.

"ಸೌಮ್ಯಂಗೆ ಕಷ್ಟ ಆಗ್ತದಲ್ಲ" ಎಂದೆ.

ಅವನು ಬಟ್ಟೆ ಹಿಂಡುತ್ತ ನಿಂತ. ಅನುಶ್ರೀ ಬಂದು, "ಒಂದು ತಿಂಗಳು ಇಲ್ಲೇ ಇರ್ಲಿ, ಆಮೇಲೆ ನೋಡೂವ" ಎಂದಳು. ಅವನು ಹೂಂ ಎಂದು ತಲೆ ಅಲ್ಲಾಡಿಸಿದ. ದುಃಖವಾಗಿತ್ತು ಅವನಿಗೆ, ನಿಜವಾದ ದುಃಖ. ಭುಜ ಮಾತ್ರ ಸಡಿಲವಾಯಿತು. ಚೀಲವನ್ನು ತಾನೇ ಹೊತ್ತು ಕೋಣೆಗೆ ತಂದಿಟ್ಟು, ಕಾಲು ಮುಟ್ಟಿ ನಮಸ್ಕಾರ ಮಾಡಿ ಹೋದ. ಅವನ ಹಿಂದೆ ಗೇಟು ಹಾಕಿದರು.

ಯಾಕೆ ಮಾಡಿದೆ ಎಂದು ಇಲ್ಲಿ ಬರೆದುಕೊಳ್ಳೋಣವೆಂದರೆ ಎರಡು ಕಾರಣ ಕಾಣುತ್ತವೆ. ಒಂದು ಪಕ್ಕದ ಮಂಚದಲ್ಲಿದೆ. ಇನ್ನೊಂದು, ಆ ಹೊಸ ಕಮೋಡಿನ ಮನೆಯಲ್ಲಿ ನನ್ನನ್ನು ಯಾರೂ ಯಾವ ಕೆಲಸಕ್ಕೂ ಕರೆಯುವುದಿಲ್ಲ ಎಂಬ ಹೆದರಿಕೆ. ಎಷ್ಟು ಪಾಲು ಯಾವುದೋ ನನಗೆ ತಿಳಿಯದು. ಉಲ್ಲಾಸನಿಗೆ ಮಾಡಿದ್ದು ಮೋಸ, ಅದರಲ್ಲಿ ಅನುಮಾನವಿಲ್ಲ.

ಸುಬ್ಬಿ ಬಿಸಿನೀರು ತಂದು ಒರೆಸಿದಳು. ಪಂಚೆ ಬದಲಿಸಿದಳು. ನೂರ್ ಅಹ್ಮದ್ ಎದ್ದು ಹೊರಗೆ ಹೋಗಿ ಬಾಗಿಲು ಎಳೆದುಕೊಂಡರು.

"ಹನ್ನೊಂದಕ್ಕೆ ನಾ ಕೇಳಿದ್ನಲ್ಲ ಅಣ್ಣ" ಎಂದಳು.

ಅವಳು ಕಪಾಟಿನಿಂದ ಡೈಪರ್ ತಂದಿದ್ದಳು. ಅನುಶ್ರೀಯ ನಿಯಮ, ಒಂದು ತಿಂಗಳು. ಕೈಯಲ್ಲಿ ಹಿಡಿದುಕೊಂಡು ಹಾಗೇ ನಿಂತಳು.

"ನಿಮ್ಗೆ ಇದು ಬೇಡ ಅಂತ ನಂಗೆ ಗೊತ್ತು. ಹೇಳ್ಲಾ ಅಕ್ಕಂಗೆ?"

ಹೇಳಿದರೆ ಅನುಶ್ರೀ ಉಲ್ಲಾಸನಿಗೆ ಫೋನು ಮಾಡುತ್ತಾಳೆ. ಅವನು ದಾರಿಯಿಂದಲೇ ಗಾಡಿ ತಿರುಗಿಸಿಕೊಂಡು ಬರುತ್ತಾನೆ.

"ಬೇಡ, ಕಟ್ಟು" ಎಂದು ಸೊಂಟ ಎತ್ತಿಕೊಟ್ಟೆ.